ಕೈಗೆ ಮೆತ್ತಗಿದ್ದರೆ ಸಾಲದು: ಸೂಕ್ಷ್ಮ ಚರ್ಮದವರು ಇಂಟಿಮೇಟ್ ಟಾಯ್ ಆರಿಸುವ ಬಗೆ

ರೋಲ್ಡ್‌ಗೋಲ್ಡ್ ಓಲೆ ಹಾಕಿದ ಎರಡೇ ದಿನಕ್ಕೆ ಕಿವಿ ಸೋರುತ್ತದಾ? ಜೀನ್ಸ್ ಬಟನ್ ತಾಗುವ ಕಡೆ, ಹೊಕ್ಕುಳ ಕೆಳಗೆ, ಕಪ್ಪು ಕಲೆ ಆಗಿ ನವೆ ಬರುತ್ತದಾ? ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಸೋಕಿದರೆ ಕತ್ತು, ಮೊಣಕೈ ಎಲ್ಲ ಉರಿಯುತ್ತದಾ? ಪ್ಯಾಡ್ ಕಂಪನಿ ಬದಲಿಸಿದಾಗೆಲ್ಲ ತೊಡೆಸಂದು ಕೆಂಪಾಗುತ್ತದಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಸಾಕು, ಇಂಟಿಮೇಟ್ ಟಾಯ್, ಅಂದರೆ ಲೈಂಗಿಕ ಸುಖಕ್ಕೆ ಬಳಸುವ ಸಾಧನ, ಕೊಳ್ಳುವ ಮೊದಲು ನೀವು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ನೋಡಿಕೊಳ್ಳಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದನ್ನೆಲ್ಲ ಯಾರನ್ನು ಕೇಳೋದು? ಮೆಡಿಕಲ್ ಶಾಪ್‌ನಲ್ಲಿ ಕಾಂಡೋಮ್ ಕೇಳುವುದಕ್ಕೇ ಅಂಗಡಿ ಖಾಲಿ ಆಗಲಿ ಅಂತ ಜನ ಕಾಯುತ್ತಾರೆ. ಹಾಗಾಗಿ ಫೋನಿನಲ್ಲಿ ಚಿತ್ರ ನೋಡಿ, ರೇಟ್ ನೋಡಿ, ‘ಸೂಪರ್ ಸಾಫ್ಟ್’ ಅಂತ ಬರೆದಿದ್ದನ್ನು ನಂಬಿ ತರಿಸುತ್ತಾರೆ. ಉರಿ ಬಂದರೆ ತಮ್ಮ ದೇಹದಲ್ಲೇ ಏನೋ ಸರಿ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಎಷ್ಟೋ ಸಲ ತಪ್ಪು ದೇಹದ್ದಲ್ಲ, ವಸ್ತುವಿನದ್ದು.

ಕೈಯಲ್ಲಿ ಹಿಡಿದಾಗ ಮೆತ್ತಗಿರುವುದಕ್ಕೂ ಆ ಜಾಗದ ಚರ್ಮಕ್ಕೆ ಒಗ್ಗುವುದಕ್ಕೂ ಸಂಬಂಧವೇ ಇಲ್ಲ. ಎಲ್ಲಕ್ಕಿಂತ ಮೆತ್ತಗೆ, ಅಗ್ಗವಾಗಿ, ಬಣ್ಣಬಣ್ಣವಾಗಿ ಸಿಗುವ ಜೆಲ್ಲಿ ಟಾಯ್‌ಗಳೇ ಸೂಕ್ಷ್ಮ ಚರ್ಮದವರಿಗೆ ಜಾಸ್ತಿ ತೊಂದರೆ ಕೊಡುತ್ತವೆ. ನೋಡಿದರೆ ಭಯ ಆಗುವಷ್ಟು ಗಟ್ಟಿ ಇರುವ ಗಾಜಿನದ್ದು ಹಲವರಿಗೆ ಹಿತವಾಗಿರುತ್ತದೆ. ಅಂಗೈ ಮೇಲೆ ಇರುವಂಥ ಗಡುಸಾದ ಹೊರಪದರ ಯೋನಿಯ ಬಾಯಿಯ ಹತ್ತಿರ, ಒಳಗೆ, ಗುದದ ಒಳಗೆ ಇರುವುದಿಲ್ಲ. ಶಿಶ್ನದ ತುದಿಯಲ್ಲೂ ಚರ್ಮ ತೆಳು. ಅಲ್ಲಿ ತೇವ ಇದೆ, ಶಾಖ ಇದೆ, ಉಜ್ಜಾಟ ಇದೆ. ಹಾಗಾಗಿ ಟಾಯ್‌ನಿಂದ ಏನು ಹೊರಗೆ ಬಂದರೂ ನೇರ ತಾಗುತ್ತದೆ.

ಟಾಯ್ ಹುಡುಕುವ ಮುಂಚೆ, ಈಗ ಆ ಜಾಗಕ್ಕೆ ಏನೇನು ತಾಗುತ್ತಿದೆ ಅಂತ ಲೆಕ್ಕ ಹಾಕಿ. ಸೆಂಟ್ ಇರುವ ಪ್ಯಾಡ್, ಪ್ಯಾಂಟಿ ಲೈನರ್, ವಾಷಿಂಗ್ ಪೌಡರ್ ಪೂರ್ತಿ ಹೋಗದ ಒಳಉಡುಪು, ‘ಇಂಟಿಮೇಟ್ ವಾಶ್’ ಅಂತ ಮಾರುವ ಪರಿಮಳದ ನೀರು, ವೆಟ್ ವೈಪ್ಸ್. ವೈಪ್ಸ್ ಕೆಡದಿರಲಿ ಅಂತ ಬಳಸುವ ಮಿಥೈಲ್‌ಐಸೊಥಯಾಜೊಲಿನೋನ್ ಅನ್ನೋ ರಾಸಾಯನಿಕವನ್ನು ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ವರ್ಷದ ಅಲರ್ಜನ್ (ಅಲರ್ಜಿ ತರುವ ವಸ್ತು) ಅಂತ ಹೆಸರಿಸಿತ್ತು. ಟಾಯ್ ಒರೆಸುವುದಕ್ಕೂ ಜನ ಇದೇ ಥರದ ವೈಪ್ಸ್ ತೆಗೆದುಕೊಳ್ಳುತ್ತಾರೆ, ಆಮೇಲೆ ಟಾಯ್ ಆಗಿಬರಲಿಲ್ಲ ಅನ್ನುತ್ತಾರೆ. ಒಂದೆರಡು ವಾರ ಇವನ್ನೆಲ್ಲ ಬಿಟ್ಟು, ಬರೀ ನೀರಲ್ಲಿ ತೊಳೆದು, ಸಡಿಲ ಹತ್ತಿ ಒಳಉಡುಪು ಹಾಕಿ ನೋಡಿ. ಚರ್ಮ ಶಾಂತವಾದ ಮೇಲೆ ಹೊಸದನ್ನು ತನ್ನಿ.

ಕೂದಲು ತೆಗೆಯುವ ಕ್ರೀಮ್ ಅಥವಾ ಬ್ಲೇಡ್ ಹಾಕಿದ ದಿನ ಟಾಯ್ ಬೇಡ. ಕಣ್ಣಿಗೆ ಕಾಣದ ಗೀರು ಇರುತ್ತವೆ, ಎರಡು ಮೂರು ದಿನ ಬಿಡಿ. ಮುಟ್ಟು ನಿಂತವರಲ್ಲಿ, ಹಾಲೂಡಿಸುವ ತಾಯಂದಿರಲ್ಲಿ ಈಸ್ಟ್ರೋಜನ್ ಕಮ್ಮಿಯಾಗಿ ಒಳಪದರ ತೆಳುವಾಗಿ ಒಣಗುತ್ತದೆ. ಅದು ಬರೀ ಟಾಯ್‌ನಿಂದ ಸರಿಹೋಗುವಂಥದ್ದಲ್ಲ, ಡಾಕ್ಟರ್ ಹತ್ತಿರ ಅದಕ್ಕೆ ಔಷಧಿ ಇದೆ. ಸಕ್ಕರೆ ಕಾಯಿಲೆ ಇದ್ದು ಪದೇ ಪದೇ ನವೆ, ಗಟ್ಟಿ ಬಿಳಿ ಸ್ರಾವ ಬರುತ್ತಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೂ ಮೊದಲು ಚಿಕಿತ್ಸೆ ಆಗಲಿ.

ಈಗ ವಸ್ತುವಿನ ವಿಷಯ. ಇದರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತದೆ, ಅದಕ್ಕೇ ನಿಧಾನವಾಗಿ ಓದಿ.

ಜೆಲ್ಲಿ ಅಂತ ಮಾರುವುದು ಹೆಚ್ಚಾಗಿ ಪಿವಿಸಿ. ನಮ್ಮ ಬೋರ್‌ವೆಲ್ ಪೈಪ್‌ಗಳಲ್ಲಿರುವ ಅದೇ ಪ್ಲಾಸ್ಟಿಕ್. ಅದು ತಾನಾಗಿ ಗಟ್ಟಿ. ಮೆತ್ತಗೆ ಮಾಡಲು ಅದಕ್ಕೆ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ, ಅದರಲ್ಲಿ ಥಾಲೇಟ್ ಅನ್ನೋ ಗುಂಪು ಹೆಸರುವಾಸಿ. ಈ ಥಾಲೇಟ್ ಪ್ಲಾಸ್ಟಿಕ್ ಜೊತೆ ಗಟ್ಟಿಯಾಗಿ ಬೆಸೆದಿರುವುದಿಲ್ಲ. ದಿನ ಕಳೆದ ಹಾಗೆ ಮೇಲಕ್ಕೆ ಒಸರುತ್ತದೆ, ಟಾಯ್ ಅಂಟಂಟಾಗುತ್ತದೆ. ಯುರೋಪಿಯನ್ ಯೂನಿಯನ್ ಮಕ್ಕಳ ಆಟಿಕೆಗಳಲ್ಲಿ ಕೆಲವು ಥಾಲೇಟ್‌ಗಳಿಗೆ 2005ರಲ್ಲೇ ಶೇ. 0.1ರ ಮಿತಿ ಹಾಕಿತು. ಮಗು ಬಾಯಿಗೆ ಹಾಕಿಕೊಳ್ಳುವ ರಬ್ಬರ್ ಬಾತುಕೋಳಿಗೆ ಬಂದ ಆ ನಿಯಮ ಆಗ ದೊಡ್ಡವರ ಟಾಯ್‌ಗೆ ಲಾಗೂ ಆಗುತ್ತಿರಲಿಲ್ಲ. ಸೂಕ್ಷ್ಮ ಚರ್ಮದವರಿಗೆ ಜೆಲ್ಲಿ ಬೇಡವೇ ಬೇಡ. ಕಮ್ಮಿ ರೇಟಿಗೆ ಸಿಕ್ಕಿದರೂ ಬೇಡ, ಗಿಫ್ಟ್ ಬಂದರೂ ಬೇಡ.

ಟಿಪಿಇ, ಟಿಪಿಆರ್ ಅಂತ ಬರೆದಿರುವುದು ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್, ಜೆಲ್ಲಿಗಿಂತ ಪರವಾಗಿಲ್ಲ. ಎಷ್ಟೋ ಕಂಪನಿಗಳು ಥಾಲೇಟ್ ಇಲ್ಲದೆ ಮಾಡುತ್ತವೆ. ಆದರೆ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಎಷ್ಟು ತೊಳೆದರೂ ಒಳಗೆ ತೇವ, ಸೋಪು, ಸೂಕ್ಷ್ಮಜೀವಿ ಉಳಿಯುತ್ತದೆ. ಕುದಿಸೋಣ ಅಂದರೆ ಆಕಾರ ಕೆಡುತ್ತದೆ. ಗಂಡಸರಿಗೆ ಮಾಡುವ ಸ್ಲೀವ್‌ಗಳು (ಶಿಶ್ನಕ್ಕೆ ಹಾಕುವ ಕೊಳವೆಯಂಥ ಟಾಯ್) ಬಹುಪಾಲು ಇದರದ್ದೇ, ಹಾಗಾಗಿ ಅವರಿಗೆ ಆಯ್ಕೆ ಕಮ್ಮಿ. ಅವರು ಕಾಂಡೋಮ್ ಹಾಕಿಕೊಂಡೇ ಬಳಸಲಿ, ತೊಳೆದ ಮೇಲೆ ಒಳಗಡೆ ಪೂರ್ತಿ ಒಣಗಿಸಲಿ, ಅಂಟಾಗದಿರಲು ಬೇಕಿದ್ದರೆ ಕಾರ್ನ್‌ಫ್ಲೋರ್ ಸವರಲಿ. ಪರಿಮಳದ ಟಾಲ್ಕಂ ಪೌಡರ್ ಬೇಡ. ಬಣ್ಣ ಬದಲಾಯಿತು, ಒಳಗೆ ಕಪ್ಪು ಚುಕ್ಕೆ ಕಂಡಿತು ಅಂದರೆ ಎಸೆಯುವುದೇ.

ಸಿಲಿಕೋನ್ ಹೆಚ್ಚಿನವರಿಗೆ ಸರಿಹೊಂದುತ್ತದೆ. ರಂಧ್ರ ಇಲ್ಲ, ವಾಸನೆ ಇಲ್ಲ, ಮೆತ್ತಗಿರಲು ಥಾಲೇಟ್ ಬೇಕಿಲ್ಲ, ಶಾಖಕ್ಕೆ ಕೆಡುವುದಿಲ್ಲ. ಲೇಬಲ್ ಮೇಲೆ ‘ಪ್ಲಾಟಿನಂ ಕ್ಯೂರ್ಡ್’ (ಪ್ಲಾಟಿನಂ ಬಳಸಿ ಗಟ್ಟಿಗೊಳಿಸಿದ್ದು) ಅಂತ ಇದ್ದರೆ ಒಳ್ಳೆಯದು. ‘ಮೆಡಿಕಲ್ ಗ್ರೇಡ್’ ಅನ್ನೋ ಮಾತನ್ನು ಮಾತ್ರ ಯಾರು ಬೇಕಾದರೂ ಅಚ್ಚು ಹಾಕುತ್ತಾರೆ, ಅದೊಂದನ್ನೇ ನಂಬಬೇಡಿ. ಇದರ ಒಂದು ಗುಣ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಒಣಗಿದ ಸಿಲಿಕೋನ್ ಚರ್ಮವನ್ನು ಹಿಡಿದು ಎಳೆಯುತ್ತದೆ. ಜಾರುವುದಿಲ್ಲ. ನಿಮ್ಮದು ಅಲರ್ಜಿಗಿಂತ ಹೆಚ್ಚಾಗಿ ಉಜ್ಜಾಟಕ್ಕೆ ಉರಿಯುವ ಚರ್ಮ ಆಗಿದ್ದರೆ, ಎಷ್ಟೇ ಒಳ್ಳೆ ಸಿಲಿಕೋನ್ ಆದರೂ ಲೂಬ್ (ಜಾರಲಿ ಅಂತ ಹಚ್ಚುವ ದ್ರವ) ಇಲ್ಲದೆ ಮುಟ್ಟಬೇಡಿ.

ಅಂಥವರಿಗೆ ನಾನು ಮೊದಲು ಹೇಳುವುದು ಗಾಜು. ಹೆದರಬೇಡಿ. ಇದು ಬೊರೊಸಿಲಿಕೇಟ್ ಗಾಜು, ಲ್ಯಾಬ್‌ನಲ್ಲಿ ಬೀಕರ್ ಮಾಡುವಂಥದ್ದು. ಬಣ್ಣ ಒಳಗೆ ಇರಬೇಕು, ಮೇಲೆ ಬಳಿದಿರಬಾರದು. ನುಣುಪು ಎಷ್ಟಿರುತ್ತದೆ ಅಂದರೆ ಎರಡು ಹನಿ ಲೂಬ್ ಸಾಕು. ಯಾವ ರಾಸಾಯನಿಕವೂ ಹೊರಗೆ ಬರುವುದಿಲ್ಲ, ಯಾವ ಲೂಬ್ ಆದರೂ ನಡೆಯುತ್ತದೆ. ಬಳಸುವ ಮುಂಚೆ ಪ್ರತಿ ಸಲ ಬೆರಳು ಆಡಿಸಿ ಚೂರು ಎದ್ದಿದೆಯಾ ನೋಡಿ. ಕೆಳಗೆ ಬಿದ್ದು ಸೀಳು ಬಿಟ್ಟಿದ್ದರೆ, ಕೂದಲೆಳೆಯಷ್ಟಾದರೂ ಸರಿ, ಮತ್ತೆ ಬಳಸಬಾರದು. ಚಳಿಗಾಲದಲ್ಲಿ ನಂದಿಬೆಟ್ಟದ ಸುತ್ತಮುತ್ತಲಿನ ಊರುಗಳಲ್ಲಿ ಬೆಳಗ್ಗೆ ಹೊತ್ತು ಗಾಜು ಮುಟ್ಟಿದರೆ ಜುಮ್ ಅನ್ನುತ್ತದೆ, ಅಲ್ವಾ? ಉಗುರು ಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಟ್ಟು, ಮಣಿಕಟ್ಟಿನ ಒಳಗೆ ತಾಗಿಸಿ ಬಿಸಿ ನೋಡಿ ಬಳಸಿ.

ಸ್ಟೀಲ್ ಕೂಡ ಗಾಜಿನಷ್ಟೇ ನುಣುಪು. ಆದರೆ ರೋಲ್ಡ್‌ಗೋಲ್ಡ್ ಓಲೆ ಆಗದವರು ಇಲ್ಲಿ ನಿಂತು ಯೋಚಿಸಬೇಕು, ಯಾಕೆಂದರೆ ಆ ಓಲೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ನಿಕಲ್. ಒಳ್ಳೆ ಟಾಯ್‌ಗಳಿಗೆ ಬಳಸುವ 316 ಸ್ಟೀಲ್‌ನಲ್ಲೂ ಶೇ. 10ರಿಂದ 14ರಷ್ಟು ನಿಕಲ್ ಇದೆ. ಅದು ಲೋಹದೊಳಗೆ ಬಿಗಿಯಾಗಿ ಸೇರಿರುವುದರಿಂದ ಹೊರಗೆ ಬರುವುದು ತೀರಾ ಕಮ್ಮಿ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೂ ವಾಚ್ ಬಕಲ್‌ಗೇ ಗುಳ್ಳೆ ಏಳುವವರು ಸ್ಟೀಲ್ ಬಿಟ್ಟು ಗಾಜಿಗೆ ಹೋಗುವುದು ಜಾಣತನ. ಹೊಳಪಿನ ಕೋಟಿಂಗ್ ಕೊಟ್ಟ ಅಗ್ಗದ ಲೋಹದ್ದು ಯಾರಿಗೂ ಬೇಡ. ಕೋಟಿಂಗ್ ಸವೆದ ಮೇಲೆ ಕೆಳಗೆ ಯಾವ ಲೋಹ ಇದೆ ಅಂತ ಯಾರು ಹೇಳುತ್ತಾರೆ?

ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನ ಸಣ್ಣ ವೈಬ್ರೇಟರ್‌ಗಳೂ ಸಿಗುತ್ತವೆ. ಮೇಲ್ಮೈಗೆ ಬಳಸಲು ಪರವಾಗಿಲ್ಲ. ‘ವೆಲ್ವೆಟ್ ಟಚ್’ ಅಂತ ಪಿಯು (ಪಾಲಿಯುರಿಥೇನ್) ಕೋಟಿಂಗ್ ಇದ್ದರೆ ಅದು ಕಾಲ ಕಳೆದ ಹಾಗೆ ಸುಲಿಯುತ್ತದೆ, ಗಮನಿಸಿ. ಕಲ್ಲಿನದ್ದು, ಕ್ರಿಸ್ಟಲ್‌ದು ಬೇಡ. ಕಣ್ಣಿಗೆ ಕಾಣದ ಬಿರುಕು ಇರುತ್ತವೆ.

ಕೊಳ್ಳುವಾಗ ಇನ್ನೊಂದು ವಿಷಯ. ನಮ್ಮಲ್ಲಿ ಇವನ್ನು ಹೆಸರು ಹಿಡಿದು ನಿಷೇಧಿಸಿದ ಕಾನೂನು ಇಲ್ಲ. ಅಶ್ಲೀಲ ವಸ್ತು ಮಾರಾಟದ ಕಲಂ ಇದೆ. ಹಿಂದೆ ಅದು ಐಪಿಸಿ 292, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಹಾಗಾಗಿ ಎಲ್ಲರೂ ‘ಪರ್ಸನಲ್ ಮಸಾಜರ್’ ಅಂತ ಮಾರುತ್ತಾರೆ. ವಿದೇಶದಿಂದ ಬಂದ ಬಾಡಿ ಮಸಾಜರ್‌ಗಳನ್ನು ಕಸ್ಟಮ್ಸ್ ತಡೆಹಿಡಿದ ಪ್ರಕರಣದಲ್ಲಿ, ಅವು ನಿಷೇಧಿತ ವಸ್ತು ಅಲ್ಲ ಅನ್ನೋ ಆದೇಶವನ್ನೇ ಬಾಂಬೆ ಹೈಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು. ಆದರೂ ದೇಶದೊಳಗಿನ ಸ್ಟಾಕ್ ಇರುವ ಮಾರಾಟಗಾರರಿಂದಲೇ ತರಿಸಿ. ಕೆಟ್ಟಿದ್ದು ಬಂದರೆ ವಾಪಸ್ ಮಾಡುವುದು ಸುಲಭ.

ಮಸಾಜರ್ ಅನ್ನೋ ಹೆಸರಿನಿಂದ ನಮಗೆ ಒಂದು ನಷ್ಟ ಇದೆ. ಒಳಗಿನ ವಸ್ತು ಏನು ಅಂತ ಎಷ್ಟೋ ಜನ ಬರೆಯುವುದೇ ಇಲ್ಲ. ಇನ್ನು ಕೆಲವು ಡಬ್ಬಗಳ ಮೇಲೆ ಸಣ್ಣ ಅಕ್ಷರದಲ್ಲಿ ‘ಫಾರ್ ನಾವೆಲ್ಟಿ ಯೂಸ್ ಓನ್ಲಿ’ ಅಂತ ಇರುತ್ತದೆ. ಅಂದರೆ ಇದು ಸುಮ್ನೆ ತಮಾಷೆಯ ಸಾಮಾನು, ಮೈಗೆ ಹಚ್ಚಿ ಏನಾದರೂ ಆದರೆ ನಾವು ಹೊಣೆ ಅಲ್ಲ ಅಂತ ಕಂಪನಿ ಜಾರಿಕೊಳ್ಳುತ್ತಿದೆ. ಅಂಥದ್ದನ್ನು ಬಿಟ್ಟುಬಿಡಿ. ಈ ಟಾಯ್‌ಗಳಿಗೇ ಅಂತ ಐಎಸ್‌ಒ 3533 ಅನ್ನೋ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಬಂದಿದೆ. ಅದನ್ನು ಪಾಲಿಸುತ್ತೇವೆ ಅಂತ ಹೇಳುವ ಕಂಪನಿ ಸಿಕ್ಕರೆ ಅದಕ್ಕೆ ಮೊದಲ ಮಣೆ. ಇಲ್ಲದಿದ್ದರೆ ಮಾರಾಟಗಾರರಿಗೆ ಮೆಸೇಜ್ ಹಾಕಿ ಎರಡೇ ಪ್ರಶ್ನೆ ಕೇಳಿ: ಚರ್ಮಕ್ಕೆ ತಾಗುವ ಭಾಗ ಪೂರ್ತಿ ಸಿಲಿಕೋನಾ, ಇಲ್ಲ ಮಿಶ್ರಣವಾ? ಮೇಲೆ ಬೇರೆ ಕೋಟಿಂಗ್ ಇದೆಯಾ? ನೆಟ್ಟಗೆ ಉತ್ತರ ಕೊಡದವರ ಹತ್ತಿರ ಕೊಳ್ಳುವುದೇ ಬೇಡ.

ಪಾರ್ಸೆಲ್ ಬಗ್ಗೆ ಹೆದರುವವರು ಜಾಸ್ತಿ. ಸಣ್ಣ ಊರಲ್ಲಿ ಡೆಲಿವರಿ ಹುಡುಗ ನಮ್ಮ ಬೀದಿಯವನೇ ಆಗಿರುತ್ತಾನೆ, ಮನೇಲಿ ಅತ್ತೆ ಸಹಿ ಹಾಕಿ ತೆಗೆದುಕೊಂಡಿರುತ್ತಾರೆ. ಈ ವ್ಯಾಪಾರದವರು ಸಾಮಾನ್ಯವಾಗಿ ಏನೂ ಬರೆಯದ ಸಾದಾ ಡಬ್ಬದಲ್ಲೇ ಕಳಿಸುತ್ತಾರೆ. ಬಿಲ್ ಮೇಲೆ, ಕಳಿಸುವವರ ಹೆಸರಿನ ಜಾಗದಲ್ಲಿ ಏನು ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕ್ಯಾಶ್ ಆನ್ ಡೆಲಿವರಿ ಬೇಡ, ದುಡ್ಡು ಕಟ್ಟುವಾಗ ಎಲ್ಲರೂ ಏನಪ್ಪಾ ಅದು ಅಂತ ಕೇಳುತ್ತಾರೆ. ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಓಡಾಡುವವರು ಆಫೀಸ್ ಹತ್ತಿರದ ಪಿಕಪ್ ಪಾಯಿಂಟ್‌ಗೆ ತರಿಸಿಕೊಳ್ಳಬಹುದು.

ಡಬ್ಬ ಬಿಚ್ಚಿದ ಕೂಡಲೇ ಮೊದಲ ಕೆಲಸ ಮೂಗಿನದ್ದು. ಹೊಸ ರೈನ್‌ಕೋಟ್ ಅಥವಾ ಪೆಟ್ರೋಲ್ ವಾಸನೆ ಗಪ್ಪಂತ ಬಂದರೆ ಅದು ಸಿಲಿಕೋನ್ ಅಲ್ಲ, ಏನೇ ಬರೆದಿರಲಿ. ಪ್ಯಾಕಿಂಗ್ ವಾಸನೆಯೇ ಇರಬಹುದು ಅಂತ ಅನುಮಾನ ಇದ್ದರೆ ತೊಳೆದು ಒಂದು ದಿನ ಗಾಳಿಗಿಟ್ಟು ಮತ್ತೆ ಮೂಸಿ. ಎರಡನೆಯದು, ಬಿಳಿ ಟಿಶ್ಯೂ ಪೇಪರ್ ಮೇಲೆ ಒಂದು ರಾತ್ರಿ ಇಡಿ. ಬೆಳಗ್ಗೆ ಪೇಪರ್ ಮೇಲೆ ಎಣ್ಣೆ ಕಲೆ ಇದ್ದರೆ ವಾಪಸ್ ಕಳಿಸಿ. ಮೂರನೆಯದಕ್ಕೆ ಫೋನಿನ ಟಾರ್ಚ್ ಬೇಕು. ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ನಿಧಾನ ತಿರುಗಿಸಿ. ಎರಡು ಅಚ್ಚು ಸೇರುವ ಕಡೆ ಉದ್ದಕ್ಕೆ ಒಂದು ಗೆರೆ ಎದ್ದು ಕಾಣುತ್ತದೆ. ಬೆರಳಿಗೆ ಆ ಗೆರೆ ಗೊತ್ತಾಗದೆ ಇರಬಹುದು, ಬೆರಳ ಚರ್ಮ ದಪ್ಪ. ಕೆಳತುಟಿಯ ಮೇಲೆ ಮೆಲ್ಲಗೆ ಎಳೆದು ನೋಡಿ, ತೊಳೆದ ಮೇಲೆ. ತುಟಿಗೆ ಚುಚ್ಚುವ ಗೆರೆ ಕೆಳಗೂ ಗೀರುತ್ತದೆ. ಬಟನ್ ಸುತ್ತ, ಚಾರ್ಜಿಂಗ್ ತೂತಿನ ಸುತ್ತ, ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಸೇರುವ ಕಡೆ ಇನ್ನೂ ಹುಷಾರಾಗಿ ನೋಡಿ, ಕೊಳೆ ಕೂರುವುದೂ ಅಲ್ಲೇ.

ಆಕಾರ, ಗಾತ್ರದ ವಿಷಯದಲ್ಲಿ ಸಣ್ಣದು, ಸಾದಾದು. ಗಂಟು, ಗೀರು, ನರದ ಡಿಸೈನ್ ಇರುವುದೆಲ್ಲ ಉಜ್ಜಾಟ ಜಾಸ್ತಿ ಮಾಡುತ್ತದೆ. ನಿಮಗೆ ಬೇಕು ಅಂದುಕೊಂಡಿದ್ದಕ್ಕಿಂತ ಒಂದು ಅಳತೆ ಕಮ್ಮಿ ತೆಗೆದುಕೊಳ್ಳಿ. ವೈಬ್ರೇಟರ್ ಆದರೆ ಎಷ್ಟು ಜೋರು ಹೋಗುತ್ತದೆ ಅನ್ನೋದಲ್ಲ ಮುಖ್ಯ, ಎಷ್ಟು ಮೆಲ್ಲಗೆ ಶುರುವಾಗುತ್ತದೆ ಅನ್ನೋದು. ಮೊದಲ ಸ್ಪೀಡೇ ಜೋರಾಗಿದ್ದರೆ ತೆಳು ಬಟ್ಟೆ ಮೇಲಿಂದ ಬಳಸಿ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಟಾಯ್ ನೇರ ಉಜ್ಜುವುದಿಲ್ಲ, ಅದಕ್ಕೇ ಕೆಲವರಿಗೆ ಆಗಿಬರುತ್ತದೆ. ಆದರೆ ಆ ಟಾಯ್‌ನ ಬಾಯಿಯ ಅಂಚನ್ನು ಒತ್ತಿ ಹಿಡಿದರೆ ಊತ ಬರಬಹುದು, ಸುಮ್ನೆ ತಾಗಿಸಿದರೆ ಸಾಕು. ಮರಗಟ್ಟಿದ ಹಾಗೆ ಆದರೆ ನಿಲ್ಲಿಸಿ. ಮರಗಟ್ಟಿದ ಜಾಗದಲ್ಲಿ ಗಾಯ ಆದರೂ ಗೊತ್ತಾಗುವುದಿಲ್ಲ. ಗುದಕ್ಕೆ ಬಳಸುವುದಾದರೆ ಬುಡ ಅಗಲ ಇರಲೇಬೇಕು, ಇಲ್ಲದಿದ್ದರೆ ಒಳಗೆ ಸೇರಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಅಲ್ಲಿ ಬಳಸಿದ್ದನ್ನು ತೊಳೆಯದೆ ಯೋನಿಗೆ ತರಬಾರದು.

ಒಳ್ಳೆ ಟಾಯ್ ಕೊಂಡು ಉರಿ ಬಂತು ಅನ್ನುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ, ಲೂಬ್ ಯಾವುದು ಹಾಕಿದಿರಿ ಅಂತ. ಸಿಲಿಕೋನ್ ಟಾಯ್‌ಗೆ ನೀರಿನ ಲೂಬ್ ಹಾಕಿ, ಸಿಲಿಕೋನ್ ಲೂಬ್ ಹಾಕಿದರೆ ಮೇಲ್ಮೈ ಕೆಡಬಹುದು. ಲೇಬಲ್ ಓದುವಾಗ ಪರಿಮಳ, ಬಣ್ಣ, ಸ್ವಾದ, ‘ವಾರ್ಮಿಂಗ್’, ‘ಕೂಲಿಂಗ್’ ಅಂತ ಏನಿದ್ದರೂ ಬೇಡ. ಪ್ರೊಪಿಲೀನ್ ಗ್ಲೈಕಾಲ್, ಕ್ಲೋರ್‌ಹೆಕ್ಸಿಡಿನ್ ಕೂಡ ಸೂಕ್ಷ್ಮ ಚರ್ಮಕ್ಕೆ ಕಿರಿಕಿರಿ ಮಾಡಬಲ್ಲವು. ಗ್ಲಿಸರಿನ್ ಜಾಸ್ತಿ ಇರುವ ಲೂಬ್ ಜೀವಕೋಶಗಳಿಂದ ನೀರು ಎಳೆದುಕೊಳ್ಳುತ್ತದೆ, ಹಚ್ಚಿದಾಗ ಜಾರುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೂ ಒಣಗಿ ಉರಿಯುತ್ತದೆ. ಈ ಎಳೆತವನ್ನು ಆಸ್ಮೊಲಾಲಿಟಿ ಅಂತ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರ ಸಲಹೆಯಲ್ಲಿ ಇದು 380ರ ಒಳಗಿದ್ದರೆ ಉತ್ತಮ, 1200 ದಾಟಲೇಬಾರದು ಅಂದಿತು. ಯೋನಿಯ ಪಿಎಚ್ (ಆಮ್ಲೀಯತೆಯ ಅಳತೆ) ಸಾಮಾನ್ಯವಾಗಿ 3.8ರಿಂದ 4.5, ಅದಕ್ಕೆ ಹತ್ತಿರದ ಲೂಬ್ ಹುಡುಕಿ. ಒಳ್ಳೆ ಕಂಪನಿಗಳು ಈ ಎರಡೂ ಅಂಕಿಯನ್ನು ಹಾಕುತ್ತವೆ, ಹಾಕದಿದ್ದರೆ ಕೇಳಿ.

ಒಂದು ಎಚ್ಚರಿಕೆ. ಮೆಡಿಕಲ್ ಶಾಪ್‌ಗೆ ಹೋಗಿ ಮೆಲ್ಲಗೆ ‘ಜೆಲ್ಲಿ ಕೊಡಿ’ ಅಂದರೆ ಲಿಗ್ನೊಕೇನ್ ಶೇ. 2ರ ಜೆಲ್ಲಿ ಕೈಗೆ ಬರಬಹುದು. ಅದು ಮರಗಟ್ಟಿಸುವ ಔಷಧಿ, ಆಸ್ಪತ್ರೆಯಲ್ಲಿ ಮೂತ್ರದ ನಳಿಕೆ ಹಾಕುವಾಗ ಬಳಸುವಂಥದ್ದು. ಹಚ್ಚಿಕೊಂಡರೆ ನೋವು ಗೊತ್ತಾಗದೆ ಗೀರು ಆಗುತ್ತದೆ, ಕೆಲವರಿಗೆ ಅದೇ ಅಲರ್ಜಿ ತರುತ್ತದೆ. ಟ್ಯೂಬ್ ಮೇಲಿನ ಹೆಸರು ಓದದೆ ಮನೆಗೆ ತರಬೇಡಿ. ಅಂಗಡಿಯ ಹಸಿರು ಅಲೋವೆರಾ ಜೆಲ್ ಕೂಡ ಬೇಡ, ಅದರಲ್ಲಿ ಬಣ್ಣ ಪರಿಮಳ ಇರುತ್ತದೆ. ಹಿತ್ತಲ ಲೋಳೆಸರ ಕೊಯ್ದರೆ ಸಿಪ್ಪೆ ಅಡಿಯ ಹಳದಿ ರಸ ಉರಿಸುತ್ತದೆ.

ಕೊಬ್ಬರಿ ಎಣ್ಣೆ ಆಗುತ್ತದಾ? ತಿಪಟೂರು ಕೊಬ್ಬರಿಯ ಜಿಲ್ಲೆಯವರು ಇದನ್ನು ಕೇಳದೆ ಇರುವುದಿಲ್ಲ. ಪರಿಮಳ ಹಾಕದ ಗಾಣದ ಎಣ್ಣೆ ಗಾಜು, ಸ್ಟೀಲ್, ಸಿಲಿಕೋನ್‌ಗೆ ಏನೂ ಮಾಡುವುದಿಲ್ಲ. ಹೊರಗಿನ ಒಣ ಚರ್ಮಕ್ಕೆ ಹಿತವೇ. ಆದರೆ ಲ್ಯಾಟೆಕ್ಸ್ ಕಾಂಡೋಮ್ ಜೊತೆ ಸೇರಿದರೆ ಕಾಂಡೋಮ್ ಹರಿಯುತ್ತದೆ. ಜೆಲ್ಲಿ, ಟಿಪಿಇ ಉಬ್ಬುತ್ತದೆ. ಒಳಗೆ ಉಳಿದ ಎಣ್ಣೆ ಬೇಗ ಹೋಗುವುದಿಲ್ಲ, ಹಾಗಾಗಿ ಪದೇ ಪದೇ ಫಂಗಸ್ ಬರುವವರಿಗೆ ಒಳಗಡೆ ಬೇಡ ಅನ್ನೋದು ನನ್ನ ಮಾತು. ತಲೆಗೆ ಹಚ್ಚುವ ಬಾದಾಮಿ, ಮಲ್ಲಿಗೆ ಪರಿಮಳದ ಎಣ್ಣೆ ಯಾರಿಗೂ ಬೇಡ.

ಟಾಯ್ ಮೇಲೆ ಕಾಂಡೋಮ್ ಹಾಕುವವರು ಲ್ಯಾಟೆಕ್ಸ್ ಅಲರ್ಜಿಯನ್ನೂ ನೆನಪಿಟ್ಟುಕೊಳ್ಳಿ. ಬಲೂನ್ ಊದಿದರೆ ತುಟಿ ಊದುತ್ತದೆ, ರಬ್ಬರ್ ಗ್ಲೌಸ್ ಹಾಕಿದರೆ ಕೈಗೆ ಗಂದೆ ಏಳುತ್ತದೆ ಅಂದರೆ ಅನುಮಾನ ಪಡಿ. ಲ್ಯಾಟೆಕ್ಸ್ ಆಗದ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣೂ ಆಗುವುದಿಲ್ಲ. ಪಾಲಿಯುರಿಥೇನ್, ಪಾಲಿಐಸೊಪ್ರೀನ್ ಕಾಂಡೋಮ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಪಾಲಿಐಸೊಪ್ರೀನ್‌ಗೂ ಎಣ್ಣೆ ಆಗಿಬರುವುದಿಲ್ಲ. ನಾನ್‌ಆಕ್ಸಿನಾಲ್-9 ಅಂತ ವೀರ್ಯನಾಶಕ ಹಾಕಿದ ಕಾಂಡೋಮ್ ಒಳಪದರವನ್ನೇ ಸುಡುತ್ತದೆ, ಮುಟ್ಟಬೇಡಿ.

ಮೊದಲ ದಿನವೇ ಪೂರ್ತಿ ಬಳಸುವ ಆತುರ ಬೇಡ. ಲೂಬ್‌ನ ಒಂದು ಹನಿಯನ್ನು ಮೊಣಕೈ ಮಡಿಕೆಯ ಒಳಗೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ಒಂದು ವಾರ ಯಾಕೆ? ಈ ಥರದ ಅಲರ್ಜಿ ತಕ್ಷಣ ಬರುವುದಿಲ್ಲ, ಒಂದು ಎರಡು ದಿನ ಬಿಟ್ಟು ಏಳುತ್ತದೆ. ಇವತ್ತು ಹಚ್ಚಿ ಇವತ್ತೇ ಏನೂ ಆಗಲಿಲ್ಲ ಅಂದರೆ ಅರ್ಥವೇ ಇಲ್ಲ. ತೊಳೆದ ಟಾಯನ್ನು ಒಳತೊಡೆಗೆ ಅರ್ಧ ಗಂಟೆ ತಾಗಿಸಿಟ್ಟು ಎರಡು ದಿನ ನೋಡಿ. ಟಾಯ್ ಬೇರೆ, ಲೂಬ್ ಬೇರೆ ಪರೀಕ್ಷೆ ಮಾಡಿ, ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ತೊಂದರೆ ಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಆಮೇಲೆ ಮೊದಲ ಸಲ ಹೊರಗಡೆ ಮಾತ್ರ, ಸ್ವಲ್ಪ ಹೊತ್ತು.

ತೊಳೆಯುವ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಯವರಿಗೆ ಬೇರೆಯವರಿಗಿಲ್ಲದ ಕಷ್ಟ ಇದೆ. ಸಾವಿರ ಅಡಿ ಬೋರ್‌ನಿಂದ ಬರುವ ನೀರು ಗಡಸು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಹೇಳುವುದೇ ಬೇಡ, ಸೋಪು ನೊರೆ ಬರುವುದಿಲ್ಲ, ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಆಗುವ ಆ ಪೊರೆಯೇ ಟಾಯ್ ಮೇಲೂ ಉಳಿಯುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು ಉಜ್ಜಿದರೆ ಇನ್ನಷ್ಟು ಪೊರೆ. ಆಮೇಲೆ ಒಣಗಿದ ಪೊರೆಯೇ ಚರ್ಮಕ್ಕೆ ಉಜ್ಜುತ್ತದೆ. ಪರಿಮಳ ಇಲ್ಲದ ಮೆದು ಲಿಕ್ವಿಡ್ ಸೋಪ್ ಒಂದೆರಡು ಹನಿ ತೆಗೆದುಕೊಂಡು ತೊಳೆಯಿರಿ, ಕೊನೆಯ ಸಲ ಕಾಯಿನ್ ಹಾಕಿ ತರುವ ಕ್ಯಾನ್ ನೀರಲ್ಲಿ ಜಾಲಾಡಿ. ಎರಡು ಲೋಟ ನೀರು ಸಾಕು. ಮಳೆನೀರು ಹಿಡಿದಿಡುವ ಮನೆಯವರಿಗೆ ಇನ್ನೂ ಸಲೀಸು. ಡೆಟಾಲ್, ಸ್ಯಾವ್ಲಾನ್, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಕ್ರಿಮಿ ಸಾಯಬೇಕು ಅನ್ನೋ ಆಸೆಗೆ ಚರ್ಮ ಸುಟ್ಟುಕೊಳ್ಳಬೇಕಿಲ್ಲ.

ಮೋಟಾರ್ ಇಲ್ಲದ ಪೂರ್ತಿ ಸಿಲಿಕೋನ್, ಸ್ಟೀಲ್ ಟಾಯನ್ನು ಮೂರರಿಂದ ಐದು ನಿಮಿಷ ಕುದಿಸಬಹುದು. ಗಾಜನ್ನೂ ಕುದಿಸಬಹುದು, ತಣ್ಣೀರಲ್ಲಿ ಇಟ್ಟು ಬಿಸಿ ಮಾಡಿ, ತಾನಾಗಿ ಆರಲು ಬಿಡಿ. ಕೂಡುಕುಟುಂಬದ ಅಡುಗೆಮನೆಯಲ್ಲಿ ಇದು ಆಗದ ಕೆಲಸ ಅಂತ ನನಗೂ ಗೊತ್ತು. ನೀವೊಬ್ಬರೇ ಬಳಸುವುದಾದರೆ ಸೋಪು, ಬೆಚ್ಚಗಿನ ನೀರು ಸಾಕು. ಇಬ್ಬರು ಬಳಸುವುದಾದರೆ ಮಾತ್ರ ಕುದಿಸಿ ಅಥವಾ ಕಾಂಡೋಮ್ ಬದಲಿಸಿ. ಚಾರ್ಜ್ ಆಗುವ ಟಾಯ್‌ಗೆ ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ, ನಲ್ಲಿ ಕೆಳಗೆ ಧೈರ್ಯವಾಗಿ ತೊಳೆಯಬಹುದು. ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಣಗಿಸಿ ಎಲ್ಲಿಡುತ್ತೀರಿ? ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ, ಅಲ್ವಾ? ಅಲ್ಲೇ ನುಸಿಗುಳಿಗೆಯೂ ಇರುತ್ತದೆ. ಆ ಗುಳಿಗೆಯ ಆವಿ ಟಾಯ್‌ಗೆ ಹತ್ತಿಕೊಂಡು ಅಲ್ಲಿಂದ ಚರ್ಮಕ್ಕೆ ಬರುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಬೇರೆ ಡ್ರಾಯರ್‌ನಲ್ಲಿ ಅಥವಾ ಬೀಗ ಇರುವ ಸೂಟ್‌ಕೇಸ್‌ನಲ್ಲಿ ಇಡಿ. ಒಂದು ಚೀಲಕ್ಕೆ ಒಂದೇ. ಬೇರೆ ಬೇರೆ ವಸ್ತುವಿನ ಟಾಯ್‌ಗಳು ತಾಗಿಕೊಂಡಿದ್ದರೆ ಕರಗಿ ಅಂಟಿಕೊಳ್ಳಬಹುದು.

ಇಷ್ಟೆಲ್ಲ ಮಾಡಿಯೂ ಉರಿ ಬಂದರೆ ತಕ್ಷಣ ನಿಲ್ಲಿಸಿ, ಬರೀ ತಣ್ಣೀರಲ್ಲಿ ತೊಳೆಯಿರಿ, ಬೇಕಿದ್ದರೆ ಸಾದಾ ಪೆಟ್ರೋಲಿಯಂ ಜೆಲ್ಲಿ ಹೊರಗಡೆ ತೆಳ್ಳಗೆ ಸವರಿ. ಮೆಡಿಕಲ್ ಶಾಪ್‌ನವರು ನವೆಗೆ ಅಂತ ಕೊಡುವ ಮೂರು ನಾಲ್ಕು ಔಷಧಿ ಬೆರೆತ ಕ್ರೀಮ್ ದಯವಿಟ್ಟು ಹಚ್ಚಬೇಡಿ. ಅದರಲ್ಲಿ ಬಹಳ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಾಯ್ ಅನ್ನಿಸುತ್ತದೆ, ಆಮೇಲೆ ಚರ್ಮ ತೆಳುವಾಗಿ, ಫಂಗಸ್ ಇದ್ದರೆ ಹರಡಿ, ಮೊದಲಿಗಿಂತ ಕಷ್ಟ ಆಗುತ್ತದೆ. ತೊಡೆಸಂದಿನ ಹುಳುಕಡ್ಡಿ ವಾಸಿಯಾಗದೆ ವರ್ಷಗಟ್ಟಲೆ ಒದ್ದಾಡುವವರನ್ನು ನಾವೆಲ್ಲ ನೋಡಿದ್ದೇವೆ, ಎಷ್ಟೋ ಜನರ ವಿಷಯದಲ್ಲಿ ಕಾರಣ ಈ ಕ್ರೀಮೇ.

ಎರಡು ಮೂರು ದಿನಕ್ಕೆ ಕಮ್ಮಿಯಾಗದಿದ್ದರೆ, ಗುಳ್ಳೆ, ರಕ್ತ, ಕೆಟ್ಟ ವಾಸನೆ, ಜ್ವರ ಇದ್ದರೆ ಕಾಯದೆ, ಚರ್ಮದ ಡಾಕ್ಟರ್ ಅಥವಾ ಹೆರಿಗೆ ಸ್ತ್ರೀರೋಗದ ಡಾಕ್ಟರ್ ಹತ್ತಿರ ಹೋಗಿ. ಬಿಳಿ ಮಚ್ಚೆ ಆಗಿ ಚರ್ಮ ಸುಕ್ಕುಗಟ್ಟುತ್ತಿದ್ದರೂ ತೋರಿಸಿ, ಅದು ಲೈಕನ್ ಸ್ಕ್ಲೆರೋಸಸ್ ಅನ್ನೋ ಚರ್ಮದ ಕಾಯಿಲೆ ಇರಬಹುದು, ಅದಕ್ಕೆ ಟಾಯ್ ಕಾರಣ ಅಲ್ಲ. ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇವೆ, ಊರಿನ ಕ್ಲಿನಿಕ್‌ಗೆ ಹೋಗಲು ಮುಜುಗರ ಆದರೆ ಅಲ್ಲಿನ ಒಪಿಡಿಗೆ ಹೋಗಿ. ‘ಲೂಬ್ ಮತ್ತು ಸಿಲಿಕೋನ್ ಮಸಾಜರ್ ಬಳಸಿದ್ದೆ, ಎರಡನೇ ದಿನ ಉರಿ ಶುರುವಾಯಿತು’ ಅಂತ ನೇರ ಹೇಳಿದರೆ ಸಾಕು, ಡಾಕ್ಟರಿಗೆ ಬೇಕಾಗಿರುವುದು ಅಷ್ಟೇ. ಪದೇ ಪದೇ ಆಗುತ್ತಿದ್ದರೆ ಪ್ಯಾಚ್ ಟೆಸ್ಟ್ ಎಲ್ಲಿ ಮಾಡುತ್ತಾರೆ ಅಂತ ಕೇಳಿ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸುತ್ತಾರೆ, 48 ಗಂಟೆ ಆದ ಮೇಲೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಆಗಬಾರದು, ಹಾಗಾಗಿ ಮದುವೆ, ಜಾತ್ರೆ ಇಲ್ಲದ ವಾರ ನೋಡಿಕೊಳ್ಳಿ. ಹೋಗುವಾಗ ಲೂಬ್ ಬಾಟಲಿ, ಸೋಪು, ಪ್ಯಾಡ್ ಕವರ್, ಟಾಯ್ ಡಬ್ಬದ ಫೋಟೋ ತೆಗೆದುಕೊಂಡು ಹೋಗಿ. ಬಾಟಲಿ ಖಾಲಿ ಆಗಿದ್ದರೂ ಪರವಾಗಿಲ್ಲ, ಲೇಬಲ್ ಓದುವ ಹಾಗಿದ್ದರೆ ಸಾಕು.